ಕಲ್ಲಿಗೆ ಅಂಟದ ಚೂಯಿಂಗ್ ಗಮ್

ಕಡೂರಿನ ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ಅಕ್ಕ ಗುಡಿಸುವ ಕೆಲಸ ಮಾಡುತ್ತಾಳೆ. ನಾನು ತರೀಕೆರೆಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಬೆಳಗ್ಗೆ ಅವಳು ಗುಡಿಸಿದ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ನಾನು ರೈಲು ಹತ್ತುವುದು. ಇದನ್ನು ಕಾಲೇಜಿನಲ್ಲಿ ಯಾರಿಗೂ ಹೇಳಿದವನಲ್ಲ. ಯಾರೂ ಕೇಳಲಿಲ್ಲವಲ್ಲ ಎಂಬ ನೆಪವೊಂದು ನನಗೆ ಸಾಕಾಗಿತ್ತು.

ಅಕ್ಕನ ಮಂಡಿ ಎರಡು ವರ್ಷದಿಂದ ಕೈಕೊಟ್ಟಿದೆ. ನೆಲದ ಮೇಲೆ ಕೂರಲೇಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಗುಡ್ಸೋದನ್ನ ನಿಂತ್ಕೊಂಡೇ ಮಾಡ್ಬೋದು ಕಣೋ. ಆ ಹಾಳು ಚೂಯಿಂಗ್ ಗಮ್ಮನ್ನ ಮಾತ್ರ ಕೂತೇ ಕೆರೀಬೇಕು," ಎಂದಳು ಒಂದು ದಿನ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ.

ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಇಷ್ಟೆಲ್ಲ ಕೆಮಿಸ್ಟ್ರಿ ಓದಿದ್ದಕ್ಕೆ ಮನೆಯವರಿಗೆ ಒಂದಾದರೂ ಉಪಯೋಗ ಬೇಡವೇ? ನೀರು ಸುರಿದರೆ ಕಲ್ಲಿನಿಂದ ಬಿಟ್ಟುಕೊಳ್ಳುವಂಥ ಗಮ್ ಮಾಡಿಯೇ ತೀರುತ್ತೇನೆ ಎಂದುಕೊಂಡೆ. ಅಕ್ಕನಿಗೆ ಹೇಳಲಿಲ್ಲ. ಮಾಡಿ ಮುಗಿಸಿ ಅವಳ ಕೈಗಿಟ್ಟು ಮುಖ ನೋಡಬೇಕೆಂಬ ಆಸೆ.

ಅಂಗಡಿಯಲ್ಲಿ ಸಿಗುವ ಗಮ್ ಒಂದು ಬಗೆಯ ರಬ್ಬರು. ನೀರನ್ನು ಹತ್ತಿರ ಸೇರಿಸುವುದಿಲ್ಲ. ಅದಕ್ಕೇ ನಾನು ಅಜ್ಜಂಪುರದ ಕಡೆಯ ತೋಟವೊಂದರಿಂದ ಸಪೋಟ ಮರದ ಹಾಲು ತಂದು, ಕಾಯಿಸಿ ಗಟ್ಟಿ ಮಾಡಿದೆ. ಎಮ್ಮೆದೊಡ್ಡಿ ಕಾವಲಿನ ಜಾಲಿ ಮರದ ಅಂಟನ್ನು ಪುಡಿ ಮಾಡಿ ಅದಕ್ಕೆ ಬೆರೆಸಿದೆ. ಜಾಲಿ ಅಂಟು ನೀರಿನಲ್ಲಿ ಕರಗುತ್ತದೆ, ಜೊತೆಗೆ ಗಮ್ಮನ್ನೂ ಸಡಿಲಿಸುತ್ತದೆ ಎಂಬುದು ನನ್ನ ಲೆಕ್ಕಾಚಾರ. ಮೊದಲು ಮಾಡಿದ ಉಂಡೆಗಳು ಬಾಯಲ್ಲಿ ಮರಳಾದವು. ಆಮೇಲಿನವು ಹಲ್ಲನ್ನೇ ಕಿತ್ತುಕೊಂಡು ಬರುವಂತಿದ್ದವು. ದವಡೆ ಹಿಡಿದುಕೊಂಡು ಪಾಠ ಮಾಡಿದ ದಿನಗಳೂ ಉಂಟು.

ಹದ ಸಿಕ್ಕ ಮೇಲೆ ಪರೀಕ್ಷೆ ಶುರು ಮಾಡಿದೆ. ಸಂಜೆ ಒಂದು ಉಂಡೆ ಅಗಿದು, ನಮ್ಮ ಮನೆ ಬಾಗಿಲ ಮುಂದಿನ ಚಪ್ಪಡಿಗೆ ಹಾಕಿ ಚಪ್ಪಲಿಯಲ್ಲಿ ಒತ್ತಿಬಿಡುತ್ತಿದ್ದೆ. ಅಕ್ಕ ಮುಂಜಾನೆ ಎದ್ದು ಅಲ್ಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು ಕೆಲಸಕ್ಕೆ ಹೋಗುತ್ತಾಳೆ. ನಾನು ಏಳುವ ಹೊತ್ತಿಗೆ ಚಪ್ಪಡಿ ಸ್ವಚ್ಛ, ಗಮ್ಮಿನ ಗುರುತೇ ಇಲ್ಲ. ಮೂರು ವಾರ ಹೀಗೇ ನಡೆಯಿತು. 'ನೀರಿಗೆ ಬಿಟ್ಟಿತು' ಎಂದು ದಿನವೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಒಳಗೊಳಗೇ ಬೀಗಿದೆ.

ಸರಿ, ಇನ್ನು ಸ್ಟೇಷನ್ನಿನಲ್ಲೇ ನೋಡಿಬಿಡೋಣ ಎನಿಸಿತು. ಒಂದು ಸಂಜೆ, ನನ್ನ ಜೊತೆ ರೈಲಿನಲ್ಲಿ ಓಡಾಡುವ ವಿದ್ಯಾರ್ಥಿಗಳಿಗೆ ಗಮ್ ಹಂಚಿದೆ.

"ಅಗಿದು, ಕಡೂರಲ್ಲಿ ಇಳಿದ್ಮೇಲೆ ಪ್ಲಾಟ್‌ಫಾರ್ಮಿಗೇ ಹಾಕಿ ತುಳೀರಿ. ಬೆಳಗ್ಗೆ ನೀರಿಗೇ ಹೋಗುತ್ತೆ, ಬೇಕಾದ್ರೆ ನೋಡಿ," ಎಂದೆ. ಮೇಷ್ಟ್ರೇ ಅಪ್ಪಣೆ ಕೊಟ್ಟ ಮೇಲೆ ಕೇಳಬೇಕೇ? ಕಂಡಕಂಡಲ್ಲಿ ತುಳಿದು ಅಂಟಿಸಿದರು.

ಮರುದಿನ ಬೆಳಗ್ಗೆ ಸ್ಟೇಷನ್ನಿಗೆ ಹೋದರೆ, ಅಕ್ಕ ಒದ್ದೆ ನೆಲದ ಮೇಲೆ ಕೂತು ತಗಡಿನ ಪಟ್ಟಿಯಿಂದ ಕೆರೆಯುತ್ತಿದ್ದಳು. ಬಕೆಟ್ಟುಗಟ್ಟಲೆ ನೀರು ಸುರಿದಿದ್ದಳು. ನನ್ನ ಗಮ್ ಕಲ್ಲನ್ನು ಬಿಟ್ಟಿರಲಿಲ್ಲ.

"ಮನೇಲಿ ನೀರು ಹಾಕಿದ್ರೆ ತಾನಾಗೇ ಹೋಗ್ತಿತ್ತಲ್ಲಕ್ಕಾ?" ಎಂದೆ. ನಾನು ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಅವಳು ತಲೆಯೆತ್ತಿ ನೋಡಿದಳು. "ತಾನಾಗೇ ಎಲ್ಲೋ ಹೋಯ್ತು? ಬಾಗ್ಲು ಮುಂದೆ ಎಂಜ್ಲು ಬಿಟ್ಟು ಅದ್ರ ಮೇಲೆ ರಂಗೋಲಿ ಹಾಕ್ತಾರೇನೋ? ದಿನಾ ಕೂತು ಕೆರ್ದು ತೆಗ್ದು, ಆಮೇಲೆ ಕೆಲ್ಸಕ್ಕೆ ಬತ್ತಿದ್ದೆ. ಉಗಿಯೋನು ನೀನೇ ಅಂತ ಗೊತ್ತಿತ್ತು. ದಣಿದು ಬಂದೋನಿಗೆ ಏನು ಅನ್ನೋದು ಅಂತ ಸುಮ್ನಿದ್ದೆ."

ಮೂರು ವಾರ. ಅವಳ ಮಂಡಿ ಉಳಿಸಲು ಹೊರಟವನು, ಸ್ಟೇಷನ್ನಿಗೆ ಬರುವ ಮೊದಲೇ ಅವಳನ್ನು ದಿನವೂ ನೆಲಕ್ಕೆ ಕೂರಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವಳ ಪಕ್ಕದಲ್ಲಿ ಕೂತು ಪಟ್ಟಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಏಳೋ, ನಿನ್ನ ಹುಡುಗ್ರು ನೋಡ್ತಾವ್ರೆ," ಎಂದಳು ಮೆಲ್ಲಗೆ. "ಇವಳ್ಯಾರು ಅಂತ ಕೇಳಿದ್ರೆ ಏನಂತೀಯ?"

ತಿರುಗಿ ನೋಡಿದೆ. ಹಿಂದಿನ ಸಂಜೆ ಗಮ್ ತಿಂದವರೆಲ್ಲ ಬ್ಯಾಗು ಹಾಕಿಕೊಂಡು ನಿಂತಿದ್ದರು. ರೈಲು ಬರುತ್ತಿತ್ತು.

ನಾನು ಎದ್ದುಬಿಟ್ಟೆ. ಪ್ಯಾಂಟು ಕೊಡವಿಕೊಂಡು ರೈಲು ಹತ್ತಿದೆ.