ಅಮ್ಮ ಬಂದ ಸುದ್ದಿ

"ಅಮ್ಮ ಹೊರಟ ಮೇಲೆ ಬರ್ತೀವಿ ಬಿಡಿ. ಈಗ ಬೇಡ."

ಭದ್ರಾವತಿಯಿಂದ ಫೋನಿನಲ್ಲಿ ಹೀಗೆಂದವರು, ಭಾನುವಾರ ನನ್ನ ಮಗಳು ಸುಮಾಳನ್ನು ನೋಡಲು ಬರಬೇಕಿದ್ದ ಹುಡುಗನ ತಾಯಿ. ನನಗೆ ಉರಿದುಹೋಯಿತು. ಹೊಳೆಹೊನ್ನೂರಿನಿಂದ ನನ್ನ ಅಮ್ಮ ಬಂದಿರುವುದೇ ಮೊಮ್ಮಗಳ ಶುಭಕಾರ್ಯಕ್ಕೆ. ಅವಳಿದ್ದರೆ ಇವರಿಗೇನು ಕಷ್ಟ? "ಹಾಗಾದರೆ ಬರಲೇಬೇಡಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. (ಜಾತಕ ಕೂಡಿಬಂದ ದಿನ ತುಪ್ಪದ ದೀಪ ಹಚ್ಚಿದವಳೂ ನಾನೇ!)

ಅಷ್ಟರಲ್ಲಿ ಆಕೆ ಮೆಲ್ಲಗೆ ಕೇಳಿದರು, "ಮುಖದ ಮೇಲೂ ಎದ್ದಿದೆಯಾ?"

"ಏನು ಎದ್ದಿದೆಯಾ?"

ಆಗ ಹೊಳೆಯಿತು. ಮೈಮೇಲೆ ಗುಳ್ಳೆ ಎದ್ದರೆ ನಾವು ರೋಗದ ಹೆಸರು ಹೇಳುತ್ತೇವೆಯೇ? ದೇವಿ ಮುನಿದಾಳೆಂದು "ಅಮ್ಮ ಬಂದಿದ್ದಾಳೆ" ಎನ್ನುತ್ತೇವೆ. ಸುಮಾಗೆ ಅಮ್ಮ ಬಂದಿದೆಯೆಂದು ಅವರಿಗೆ ಸುದ್ದಿ ಮುಟ್ಟಿತ್ತು! ವಿಷಯ ತಿಳಿಸಿದೆ. ಇಬ್ಬರೂ ನಕ್ಕೆವು.

ತಪ್ಪು ನನ್ನದೇ. ಬುಧವಾರ ಪಕ್ಕದ ಮನೆಯ ಶಾರದಮ್ಮನಿಗೆ ಕಾಂಪೌಂಡ್ ಮೇಲಿಂದ ಕೂಗಿದ್ದೆ: "ಅಮ್ಮ ಬಂದಿದ್ದಾಳೆ ಕಣ್ರೀ, ಭಜನೆಗೆ ಬರಲ್ಲ. ಒಂದು ಹಿಡಿ ಬೇವಿನಸೊಪ್ಪು ಕೊಡಿ." ಸೊಪ್ಪು ಬೇಕಿದ್ದದ್ದು ಅಕ್ಕಿ ಡಬ್ಬಕ್ಕೆ, ಹುಳ ಆಗದಿರಲೆಂದು! ಮರುದಿನ ಆಲ್ಕೊಳ ಸರ್ಕಲ್ಲಿನ ಹೂವಿನವಳು "ಅಮ್ಮ ಹೇಗಿದ್ದಾಳೆ?" ಎಂದಾಗ, "ಇನ್ನೊಂದು ವಾರ ಇರ್ತಾಳೆ. ಇಷ್ಟು ಬೇಗ ಎಲ್ಲಿ ಕಳಿಸೋದು?" ಎಂದಿದ್ದೆ. ಪಾಪ, ಆಕೆ ಕೈಮುಗಿದಿದ್ದಳು.

ಸುಮಾ ಕಂಪ್ಯೂಟರ್ ಓದುತ್ತಿದ್ದಾಳೆ. ಇಂಟರ್‌ನೆಟ್ಟಿನ ಸ್ನೇಹಿತರ ಬಳಗಗಳಲ್ಲಿ ಒಂದು ವಿಷಯ ಹೇಗೆ ಹಬ್ಬುತ್ತದೆ ಎಂಬುದೇ ಅವಳ ಪ್ರಾಜೆಕ್ಟ್. ಹಾಳೆಯ ಮೇಲೆ ಚುಕ್ಕಿಯಿಟ್ಟು ಗೆರೆ ಎಳೆದಳು: ನಾನು, ಶಾರದಮ್ಮ, ಹೂವಿನವಳು, ಅವಳು ಹೂ ಕೊಡುವ ಮನೆಗಳು, ಅದರಲ್ಲೊಂದು ಹುಡುಗನ ಸೋದರತ್ತೆಯದು!

"ಯಾವ ಚುಕ್ಕಿಗೆ ಗೆರೆ ಜಾಸ್ತಿಯೋ ಅಲ್ಲಿಂದ ಸುದ್ದಿ ಓಡುತ್ತೆ ಅಮ್ಮಾ. ಅದೂ ಬಾಯಿಬಿಟ್ಟು ಕೇಳೋಕೆ ಹೆದರೋ ವಿಷಯ ಅಂದ್ರೆ ಮುಗೀತು, ಯಾರೂ ಚೆಕ್ ಮಾಡಲ್ಲ."

ನಮ್ಮ ಬೀದಿಯಲ್ಲಿ ಇದಕ್ಕೆ ಕಂಪ್ಯೂಟರ್ ಬೇರೆ ಬೇಕೇ?

ಭಾನುವಾರ ಅವರೆಲ್ಲ ಬಂದರು. ಅಮ್ಮ ಬಾಗಿಲಲ್ಲೇ ನಿಂತು, "ಬಂದಿರೋ ಅಮ್ಮ ನಾನೇ, ಕೈಮುಗೀರಿ" ಎಂದಳು. ಹುಡುಗನ ತಾಯಿ ನಗುತ್ತಲೇ ಕಾಲಿಗೆರಗಿದರು. ಸಂಬಂಧ ಕುದುರಿತು. ಫೋನಿನಲ್ಲಿ ಆ ಹೊತ್ತು ನನ್ನ ನಾಲಿಗೆ ತಡೆದವಳು ದೇವಿಯೇ, ಸಂಶಯವಿಲ್ಲ.

ಸಂಜೆ ಶಾರದಮ್ಮ ಕಾಂಪೌಂಡ್ ಆಚೆಯಿಂದ ಧೈರ್ಯ ಹೇಳಿದರು: "ಯೋಚ್ನೆ ಬಿಡು ಮಾರಾಯ್ತಿ. ನಿಮ್ಮನೇಲಿ ಅಮ್ಮ ಇಲ್ಲ ಅಂತ ಇವತ್ತೇ ಎಲ್ಲರಿಗೂ ಹೇಳ್ತೀನಿ!"

ಈ ಸುದ್ದಿ ಹೊಳೆಹೊನ್ನೂರು ಮುಟ್ಟಿದರೆ ಅಲ್ಲಿರುವ ನನ್ನ ಅಪ್ಪನ ಗತಿಯೇನು?