ಗೋದಾಮಿನಲ್ಲಿ ಅತ್ತೆಯ ಸಾಮಾಯಿಕ

ನಾದಿನಿಯ ಕುಣಿತದ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ಚಿಕ್ಕೋಡಿಯಲ್ಲಿ ಗೆಜ್ಜೆ ಕಟ್ಟಿ ಭರತನಾಟ್ಯ ಮಾಡುತ್ತಿದ್ದಾಗ ನಾನೇ ಅವಳ ದೃಷ್ಟಿ ತೆಗೆದವಳು. ಪುಣೆಗೆ ಹೋದ ಮೇಲೆ ಗೆಜ್ಜೆ ಬಿಚ್ಚಿದಳು. ಗೋಡೆಯ ಮೇಲೆ ವಿಡಿಯೊ ಬಿಟ್ಟು ಅದರೆದುರು ಹೊರಳಾಡಿದಳು. ಚಿತ್ರಗಳ ಪ್ರದರ್ಶನವೊಂದರಲ್ಲಿ ಜೋಳದ ರಾಶಿಯೊಳಗೆ ಇಡೀ ದಿನ ಮಲಗಿದಳು. ಪೇಪರಿನವರು ನೃತ್ಯ ಸಂಯೋಜಕಿ ಎಂದು ಹೊಗಳಿ ಬರೆದರು. ಆ ಜೋಳ ಆಮೇಲೆ ಏನಾಯಿತು ಎಂದು ಅಂಕಲಿಯ ನಮ್ಮ ಮನೆಯಲ್ಲಿ ಕೇಳಿದವಳು ನಾನೊಬ್ಬಳೇ.

ಫೋನಿನಲ್ಲಿ ವಾಟ್ಸಾಪ್ ಹೊಸದಾಗಿ ಬಂದ ವರ್ಷ ಅವಳು ಊರಿಗೆ ಬಂದಳು. ಬಂದವಳೇ ಅತ್ತೆಯ ಸಾಮಾಯಿಕ ಬೇಕು ಎಂದಳು. ನಮ್ಮ ಜೈನ ಮನೆಗಳಲ್ಲಿ ಹಿರಿಯರು ಎರಡು ಗಳಿಗೆ, ಎಂದರೆ ನಲವತ್ತೆಂಟು ನಿಮಿಷ, ಕಣ್ಣು ಮುಚ್ಚಿ, ಅಲುಗದೆ, ಮಾತಾಡದೆ ಧ್ಯಾನಕ್ಕೆ ಕೂರುತ್ತಾರಲ್ಲ, ಅದು. ಕೂತ ಮೇಲೆ ನಡುವೆ ಏಳುವಂತಿಲ್ಲ. ನಿಪ್ಪಾಣಿಯ ಖಾಲಿ ತಂಬಾಕಿನ ಗೋದಾಮಿನಲ್ಲಿ ತಾಯಿ ಮಗಳು ಹಾಗೆ ಕೂರಬೇಕಂತೆ, ಜನ ಟಿಕೀಟು ತೆಗೆಸಿ ನೋಡಬೇಕಂತೆ.

“ವೈನಿ, ಅಲಗದ ಇರೂದೂ ಒಂದು ಡಾನ್ಸರಿ.”

“ಹಂಗಾರ ನಮ್ಮ ಪಡಸಾಲಿ ಕಂಬಕ್ಕ ಗೆಜ್ಜಿ ಕಟ್ಟವಾ. ಧ್ಯಾನಕ್ಕ ಟಿಕೀಟ ಹಚ್ಚಬ್ಯಾಡ.”

“ನಿಮಗ ತಿಳಿಯಂಗಿಲ್ಲ ಬಿಡ್ರಿ.”

“ತಿಳೀದಿದ್ದದ್ದ ಪುಣ್ಯೇ ಆತು.”

ಅತ್ತೆ ಮಾತ್ರ, “ಮಗಳು ಕರೀತಾಳ, ಹೋಗತೀನಿ. ಆದ್ರ ಕುಂತ್ರ ಖರೇನ ಕುಂದರಾಕಿ ನಾ” ಎಂದರು. ಅವರ ವ್ರತ ಕೆಡದಿದ್ದರೆ ಸಾಕು ಎಂದು ನಾನೂ ಬೆನ್ನು ಹತ್ತಿದೆ.

ಹೊತ್ತು ಮುಳುಗುವ ಮುಂಚೆ ಅವರಿಗೆ ಊಟ ಮಾಡಿಸಿ ಕರೆದೊಯ್ದೆ. ಗೋದಾಮಿನಲ್ಲಿ ತಂಬಾಕಿನ ಘಾಟು ಇನ್ನೂ ಇತ್ತು. ಕೊಲ್ಹಾಪುರ, ಪುಣೆಯಿಂದ ಬಂದವರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಅತ್ತೆಗೆ ಒಂದು ಸೀನೂ ಬರಲಿಲ್ಲ. ಭಗವಂತನ ದಯೆ.

ತಾಯಿ ಮಗಳು ಅಕ್ಕಪಕ್ಕದ ಚಾಪೆಗಳ ಮೇಲೆ ಕಣ್ಣು ಮುಚ್ಚಿ ಕೂತರು. ಅರ್ಧ ತಾಸಿಗೆ ಆಟ ಮುಗಿದು ದೀಪ ಹತ್ತಿದವು. ನಾದಿನಿ ಎದ್ದು ಬಾಗಿ ನಮಸ್ಕರಿಸಿದಳು. ಅತ್ತೆ ಕಣ್ಣು ತೆರೆಯಲಿಲ್ಲ. ಇದೂ ಆಟದ ಭಾಗವೆಂದು ಜನ ಇನ್ನೊಮ್ಮೆ ಚಪ್ಪಾಳೆ ಹೊಡೆದು ಹೊರಟರು. ದೀಪದವರು ವಾಯರು ಸುತ್ತತೊಡಗಿದರು. ಗೋದಾಮಿನ ಕಾವಲಿನವ ಬಂದು, “ಅಜ್ಜೀನ್ನ ಎಬ್ಬಸ್ರಿ, ಕೀಲಿ ಹಾಕೂದೈತಿ” ಎಂದ.

ನಾದಿನಿ ತಾಯಿಯ ಹೆಗಲಿಗೆ ಕೈ ಚಾಚಿದಳು. ನಾನು ಆ ಕೈ ಹಿಡಿದೆ.

“ಮುಟ್ಟಬ್ಯಾಡ.”

“ನಮ್ಮವ್ವರಿ ಆಕಿ!”

“ಈ ಹೊತ್ತಿನಾಗ ಯಾರವ್ವನೂ ಅಲ್ಲ.”

ನಾನು ಎದುರಿಗೇ ಕಾವಲು ಕೂತೆ. ನಿಶ್ಚಲತೆಯೇ ನೃತ್ಯವೆಂದವಳು ಒಮ್ಮೆ ಈ ಕಾಲ ಮೇಲೆ, ಒಮ್ಮೆ ಆ ಕಾಲ ಮೇಲೆ ನಿಂತಳು, ಗಡಿಯಾರ ನೋಡಿದಳು, ಸೆರಗು ತಿರುವಿದಳು.

ಕೊನೆಗೆ ಅತ್ತೆ ಕಣ್ಣು ತೆರೆದು ಕೈ ಮುಗಿದರು. ಪಕ್ಕದ ಖಾಲಿ ಚಾಪೆ ನೋಡಿ ಮಗಳನ್ನು ಕೇಳಿದರು:

“ನೀ ಯಾಕ ನಡುವ ಎದ್ದಿ?”

“ಅವ್ವಾ, ಪ್ರೋಗ್ರಾಮ್ ಮುಗದಿತ್ತು.”

ಅತ್ತೆ ನನ್ನ ಕೈ ಹಿಡಿದು ಎದ್ದರು.

ಆಮೇಲೆ ನಾದಿನಿ ಆ ಆಟವನ್ನು ಎಷ್ಟೋ ಊರುಗಳಲ್ಲಿ ಮಾಡಿದಳಂತೆ, ಒಬ್ಬಳೇ. ಅತ್ತೆಯನ್ನು ಮತ್ತೆ ಕರೆಯಲಿಲ್ಲ. ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅದನ್ನೂ ಭಗವಂತನ ದಯೆಯೆಂದೇ ತಿಳಿದಿದ್ದೇನೆ.