ಮುಖದ ಲೆನ್ಸು, ಸೊಳ್ಳೆಯ ಲೆನ್ಸು

ನಾನು ಮೂರನೆಯ ವಾದವನ್ನು ಮಂಡಿಸುತ್ತಿದ್ದಾಗಲೇ ವೃದ್ಧೆಯೊಬ್ಬರು ಶಿರಸಿಯ ಆ ಫೋಟೋ ಸ್ಟುಡಿಯೋದ ಮೇಜಿನ ಮೇಲೆ, ಎರಡು ಜರ್ಮನ್ ಲೆನ್ಸುಗಳ ನಡುವೆ, ಹಳೆಯ ಮದುವೆಯೊಂದರ ಗುಂಪುಚಿತ್ರವನ್ನಿಟ್ಟರು. ನಮ್ಮ ಸುಧಾರಣಾ ಸಂಘವು ಆ ಲೆನ್ಸುಗಳಲ್ಲಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಅಂದೇ ಮುಂಬಯಿಗೆ ಮರಳಿಸಬೇಕಿತ್ತು. ಒಂದು ಭಾವಚಿತ್ರಕ್ಕೆ; ಇನ್ನೊಂದು ಮಲೇರಿಯಾ ಪ್ರಚಾರಕ್ಕಾಗಿ ಸೊಳ್ಳೆಯನ್ನು ತೀರ ಹತ್ತಿರದಿಂದ ಸೆರೆಹಿಡಿಯುವುದಕ್ಕೆ. ಮಾನವನ ಮುಖವನ್ನು ಕಡೆಗಣಿಸಿ ಕೀಟಕ್ಕೆ ಮಣಿಯುವ ಸಮಾಜಕ್ಕೆ ಉದ್ಧಾರವಿಲ್ಲವೆಂದು, ಕಾಲೇಜಿನ ಚರ್ಚಾಕೂಟದಲ್ಲಿ ಬಹುಮಾನ ಗಳಿಸಿದ ಕಂಠದಲ್ಲಿಯೇ, ಸ್ಟುಡಿಯೋದ ಮಾಲೀಕರೊಬ್ಬರನ್ನೇ ಮಹಾಸಭೆಯೆಂದು ಭಾವಿಸಿ ನಾನು ಸಾರುತ್ತಿದ್ದೆ.

“ತಮಾ, ಈ ಮೂಲೇಲಿ ಇಪ್ಪುದು ಯನ್ನ ಮಗಳು. ಜ್ವರ ಬಂದು ತೀರಿಹೋತು. ಬೇರೆ ಪಟ ಇಲ್ಲೆ. ಇದರ ಮುಖ ದೊಡ್ಡ ಮಾಡಿ ಕೊಡ್ಲಾಗ್ತ?” ಎಂದು ಆಕೆ ಕೇಳಿದರು. ಆ ಮುಖ ತೊಗರಿಕಾಳಿನಷ್ಟಿತ್ತು.

ಮಾನವಮುಖದ ಸ್ವಯಂನೇಮಿತ ವಕೀಲನಾದ ನಾನು ಪರಮ ಔದಾರ್ಯದಿಂದ ಭಾವಚಿತ್ರದ ಲೆನ್ಸನ್ನು ಮುಂದೆ ಚಾಚಿದೆ.

ಮಾಲೀಕರು ಅದನ್ನು ಮೆಲ್ಲಗೆ ಬದಿಗೆ ಸರಿಸಿದರು. “ಅದು ಅಷ್ಟು ಹತ್ರಕ್ಕೆ ಬರೂದಿಲ್ಲ ಮಾಸ್ತರ್ರೇ, ಮಸುಕಾಗ್ತದೆ. ಇವರ ಮಗಳಿಗೆ ಸೊಳ್ಳೆ ಲೆನ್ಸೇ ಆಗ್ಬೇಕು.”

ಸಂಜೆ ಹಸಿ ಕಾಗದದ ಮೇಲೆ ಆ ಹುಡುಗಿ ಮೂಡಿದಳು. ಮೂಗುತಿ ಕೂಡ ಸ್ಪಷ್ಟವಾಗಿತ್ತು. ತಾಯಿ ಅದನ್ನು ಮುಟ್ಟಲು ಕೈ ನೀಡಿ, ಒದ್ದೆಯಿದೆಯೆಂದು ಹಿಂದೆಗೆದು, ಒಣಗುವವರೆಗೂ ಅದರೆದುರು ನಿಂತೇ ಇದ್ದರು. ನನ್ನ ಅಭ್ಯರ್ಥಿ ಲೆನ್ಸು ಮುಂಬಯಿಯ ದಾರಿ ಹಿಡಿಯಿತು.

ಆಮೇಲೆ ಸಿದ್ಧಾಪುರ, ಯಲ್ಲಾಪುರಗಳಿಂದಲೂ ಇಂಥ ಗುಂಪುಚಿತ್ರಗಳು ಬರತೊಡಗಿದವು; ಮಾಲೀಕರ ಕೆಲಸಕ್ಕೆ ನಾನೂ ಕೈಜೋಡಿಸಿದೆ. ಲೆನ್ಸಿನ ಉಂಗುರವನ್ನು ತಿರುಗಿಸಿ ಮುಖವೊಂದು ತಿಳಿಯಾಗುವುದನ್ನು ಕಾಯುವಾಗ ನಾನು ಮಾತನಾಡುವುದಿಲ್ಲ. ಸಮಾಜಕ್ಕೆ ಇದರಿಂದ ನಷ್ಟವಾಯಿತೆಂದು ಈವರೆಗೆ ಯಾರೂ ದೂರಿಲ್ಲ.